ರಾಕೆಟ್ ಹಾರೋ ದಿನಾಂಕ ನೋಡಿ ಮಷೀನ್ ತಗೋಬೇಡಿ

ಗಗನಯಾನದ ಬಿಡಿಭಾಗ ಮಾಡೋಕೆ ಸಾಲ ತೆಗೆದು ಸಿಎನ್‌ಸಿ ಮಷೀನ್ (ಕಂಪ್ಯೂಟರ್ ಹೇಳಿದಂಗೆ ಲೋಹ ಕೊರೆಯೋ ಮಷೀನ್) ಹಾಕಬಹುದಾ, ರಾಜಕೀಯ ಪಕ್ಕಕ್ಕಿಟ್ಟು ಬರೀ ಟೆಕ್ನಿಕಲ್ಲಾಗಿ ಹೇಳಿ ಅಂತ ಕೇಳಿದ್ದೀರಿ. 2019ರಲ್ಲಿ ಹಾಸನದಲ್ಲಿ ನಾನೂ ರಾಜಕೀಯನ ಹಾಗೇ ಪಕ್ಕಕ್ಕಿಟ್ಟು ಮಷೀನ್ ಹಾಕಿದ್ದೆ.

2018ರ ಆಗಸ್ಟ್ 15ಕ್ಕೆ ಕೆಂಪುಕೋಟೆಯಿಂದ ಪ್ರಧಾನಿ, 2022ರೊಳಗೆ ನಮ್ಮವರು ಬಾಹ್ಯಾಕಾಶಕ್ಕೆ ಹೋಗ್ತಾರೆ ಅಂದ್ರು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ದೊಡ್ಡ ದೊಡ್ಡ ಡಿಶ್ ನೋಡ್ಕೊಂಡೇ ಬೆಳೆದ ನನಗೆ ಅದು ಮನೆ ಫಂಕ್ಷನ್ನಿನ ಸುದ್ದಿ ಥರ ಕೇಳಿಸ್ತು. ಬೆಂಗಳೂರಿನ ಒಂದು ದೊಡ್ಡ ಕಂಪನಿಯವರು "ಮಷೀನ್ ಇದ್ರೆ ಕೆಲಸ ಕೊಡೋಣ" ಅಂತ ಬಾಯಲ್ಲಿ ಹೇಳಿದ್ರು.

ತಪ್ಪು ಇಲ್ಲೇ ಆಗಿದ್ದು, ಸ್ವಲ್ಪ ಬಿಡಿಸಿ ಹೇಳ್ತೀನಿ. ಯಾರದೋ ಮದುವೆ ಕಾಗದದ ಹಿಂದೆ ಲೆಕ್ಕ ಬರೆದೆ: ಹಾರೋದು 2022, ಜೋಡಿಸೋದು 2021, ಬಿಡಿಭಾಗ 2020, ಅಂದ್ರೆ ಮಷೀನ್ ಈಗಲೇ ಬೇಕು. ಕೊನೆಯಿಂದ ಹಿಂದಕ್ಕೆ ಎಣಿಸಿದೆ. ಆರ್ಡರ್ ಬರೋದು ಶುರುವಿನಿಂದ: ಮೊದಲು ಪರೀಕ್ಷೆ, ಆಮೇಲೆ ಡ್ರಾಯಿಂಗ್ ಫೈನಲ್, ಆಮೇಲೆ ಪರ್ಚೇಸ್ ಆರ್ಡರ್. 2022 ಅನ್ನೋ ಅಂಕಿ ಯಾವ ಪರೀಕ್ಷೆಯಿಂದಲೂ ಬಂದಿದ್ದಲ್ಲ, ಸ್ವಾತಂತ್ರ್ಯಕ್ಕೆ 75 ವರ್ಷ ತುಂಬೋದ್ರಿಂದ ಬಂದಿದ್ದು. ಅಪ್ಪ ಕೇಳಿದ್ದು ಒಂದೇ ಮಾತು, "ಆರ್ಡರ್ ಕಾಗ್ದ ಎಲ್ಲೋ?" ಅವರ ಆಲೂಗಡ್ಡೆ ಹೊಲದ ಪತ್ರ ಬ್ಯಾಂಕಿಗೆ ಹೋಗಿತ್ತು. ಆರು ತಿಂಗಳಿಗೆ ಕಂತು ಶುರುವಾಯ್ತು, ಕೆಲಸ ಶುರುವಾಗ್ಲಿಲ್ಲ. ಕೋವಿಡ್ ಬೇರೆ ಬಂತು. ನೀಲಿ ಟಾರ್ಪಾಲ್ ಎತ್ತಿ ವಾರಕ್ಕೊಮ್ಮೆ ಮಷೀನಿಗೆ ಎಣ್ಣೆ ಸವರಿ ಮತ್ತೆ ಮುಚ್ತಿದ್ದೆ. ಹಾರಾಟದ ಮಧ್ಯೆ ಗಗನಯಾತ್ರಿಗಳನ್ನು ಪಾರು ಮಾಡೋ ವ್ಯವಸ್ಥೆಯ ಪರೀಕ್ಷೆ ನಡೆದದ್ದೇ 2023ರ ಅಕ್ಟೋಬರ್ 21ಕ್ಕೆ.

ರಾಜಕೀಯ ಪಕ್ಕಕ್ಕಿಡಿ ಅಂತೀರಲ್ಲ, ಅದನ್ನೇ ನಾನು ಒಪ್ಪಲ್ಲ. ಅದು ಡ್ರಾಯಿಂಗಿನ ಒಳಗೇ ಇರುತ್ತೆ. ನಮ್ಮ ಜಿಎಸ್‌ಎಲ್‌ವಿ ರಾಕೆಟ್ ನೋಡಿ: 1991ರಲ್ಲಿ ಸೋವಿಯತ್ ಸಂಸ್ಥೆ ಅದಕ್ಕೆ ಬೇಕಾದ ಕ್ರಯೋಜೆನಿಕ್ (ತುಂಬಾ ತಣ್ಣಗಿನ ದ್ರವ ಇಂಧನದ) ಎಂಜಿನ್ನನ್ನೂ ತಂತ್ರಜ್ಞಾನವನ್ನೂ ಕೊಡೋಕೆ ಒಪ್ಪಿತ್ತು. ಅಮೆರಿಕ ಅಡ್ಡ ಬಂತು, 1993ರಲ್ಲಿ ರಷ್ಯಾ ತಂತ್ರಜ್ಞಾನ ಕೊಡಲ್ಲ ಅಂತು, ರೆಡಿ ಎಂಜಿನ್ ಮಾತ್ರ ಸಿಕ್ತು. ನಮ್ಮದೇ ಎಂಜಿನ್ ಹಾಕಿದ ಜಿಎಸ್‌ಎಲ್‌ವಿ 2010ರಲ್ಲಿ ಸಮುದ್ರಕ್ಕೆ ಬಿತ್ತು, ಗೆದ್ದಿದ್ದು 2014ರ ಜನವರಿ 5ಕ್ಕೆ.

ಅಮೆರಿಕದವರೇನು ಕಮ್ಮಿಯಿಲ್ಲ. 2010ರಲ್ಲಿ ಅವರ ಸಂಸತ್ತು ಹೊಸ ರಾಕೆಟ್ ಮಾಡಿ ಅಂತ ಕಾನೂನು ಮಾಡ್ತು, ಆದಷ್ಟೂ ಹಳೇ ಸ್ಪೇಸ್ ಷಟಲ್‌ನ ಗುತ್ತಿಗೆ, ಹಳೇ ಭಾಗ ಬಳಸಿ ಅಂತ ಅದರಲ್ಲೇ ಬರೀತು. ಯಾಕೆ? ಆ ಕಾರ್ಖಾನೆಗಳು ಇದ್ದಿದ್ದು ಸೆನೆಟರ್‌ಗಳ ಊರಲ್ಲಿ. 2016ರ ಕೊನೆಗೆ ರೆಡಿ ಆಗಬೇಕಿದ್ದ ಆ ರಾಕೆಟ್, ಎಸ್‌ಎಲ್‌ಎಸ್, ಹಾರಿದ್ದು 2022ರ ನವೆಂಬರ್‌ನಲ್ಲಿ. ಷಟಲ್‌ನಲ್ಲಿ ಹೋಗಿ ವಾಪಸ್ ಬರ್ತಿದ್ದ ಎಂಜಿನ್‌ಗಳು ಈ ಸಲ ನೇರ ಸಮುದ್ರಕ್ಕೆ. ಓದಿದಾಗ ನನಗೆ ನನ್ನ ಟಾರ್ಪಾಲ್ ನೆನಪಾಯ್ತು.

ಇಸ್ರೋ ಎಂಜಿನಿಯರ್‌ಗಳನ್ನ ಬೈಯ್ಯೋ ಅಭ್ಯಾಸವೂ ಬಿಡಿ. ಅವಸರ ಮಾಡದೆ ಕಾದಿದ್ದಾರಲ್ಲ, ರಾಕೆಟ್‌ನಲ್ಲಿ ಕೂರೋರು ಮನುಷ್ಯರು.

ನಿಮ್ಮ ಹತ್ರ ನಂಬರ್ ಇರೋ ಪರ್ಚೇಸ್ ಆರ್ಡರ್ ಇದ್ರೆ ಮಾತ್ರ ಬ್ಯಾಂಕಿಗೆ ಹೋಗಿ. ಇಲ್ದಿದ್ರೆ ನನಗೊಂದು ಮೆಸೇಜ್ ಹಾಕಿ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ಶಾಫ್ಟ್ ಕೆಲಸ ರಾಶಿ ಬಿದ್ದಿದೆ, ನನ್ನ ಒಂದು ಮಷೀನ್ ಸಾಲ್ತಿಲ್ಲ.