ಮರೆಗುಳಿ ಮಗನೂ ಹುಳು ಮನೆಯೂ

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಮಗನಿಗೆ 11 ವರ್ಷ. ಪುಸ್ತಕ ಮನೆಯಲ್ಲಿ ಬಿಡುತ್ತಾನೆ, ಊಟದ ಡಬ್ಬಿ ಶಾಲೆಯಲ್ಲಿ. ಹಿಡಿದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಎಕ್ಸಿಕ್ಯೂಟಿವ್ ಫಂಕ್ಷನ್ ಸಾಲದು ಎಂದರು ಅವನ ಶಿಕ್ಷಕಿ. ಮಿದುಳು ಚುರುಕಾಗಿಸುವ ಆ್ಯಪ್ ಕೊಳ್ಳಲೇ? ರೇಷ್ಮೆ ಹುಳು ಸಾಕುವ ನನಗೆ ಇದೆಲ್ಲ ತಿಳಿಯದು.’

ಸಂಪಾದಕರ ಉತ್ತರ: ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ, ತಾಯಿ. ಹುಳು ಸಾಕುವವರಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು? ಹೆಸರೊಂದೇ ದೊಡ್ಡದು. ಅದನ್ನು ‘ಕಾರ್ಯನಿರ್ವಾಹಕ ಸಾಮರ್ಥ್ಯ’ ಎಂದು ಕನ್ನಡಿಸಿದರೆ ನನಗಂತೂ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ನೆನಪಾಗುತ್ತಾರೆ. ಒಳಗಿರುವುದು ಮೂರು ಸಂಗತಿ: ಕೆಲಸದ ಎಳೆಯನ್ನು ಮನಸ್ಸಿನಲ್ಲಿ ಹಿಡಿದಿಡುವುದು, ಕೈ ತುರಿಸಿದರೂ ತಡೆದುಕೊಳ್ಳುವುದು, ಲೆಕ್ಕ ತಪ್ಪಿದಾಗ ದಾರಿ ಬದಲಿಸುವುದು.

ಹುಳು ಜ್ವರಕ್ಕೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು, ಕುಳಿತ ದಿನವನ್ನು ನೆನೆಯಿರಿ. ಕೆಲವು ಮೊದಲೇ ಎದ್ದು ಸೊಪ್ಪಿಗಾಗಿ ಹುಡುಕಾಡುತ್ತವೆ. ಬುಟ್ಟಿಯಲ್ಲಿ ಸೊಪ್ಪು ಸಿದ್ಧವಾಗಿದೆ. ಆದರೂ ಉಳಿದವು ಏಳುವ ತನಕ ನೀವು ಹಾಕುವುದಿಲ್ಲ. ಹಾಕಿದರೆ ಹುಳು ಹಿಂದುಮುಂದಾಗಿ ಬೆಳೆದು, ಹಣ್ಣಾಗುವಾಗ, ಅಂದರೆ ಗೂಡು ಕಟ್ಟಲು ಅಣಿಯಾಗುವಾಗ, ಪಾಡು ಪಡಬೇಕು. ಆ ತಡೆದ ಕೈಯೇ ಎರಡನೆಯ ಸಂಗತಿ. ಮಳೆಗೆ ಸೊಪ್ಪು ನೆನೆದ ದಿನ ನೀವು ಮಾಡುವ ಏರ್ಪಾಡು ಮೂರನೆಯದು.

ಇವಕ್ಕೆಲ್ಲ ಮುಖ್ಯ ಆಸರೆ ಹಣೆಯ ಹಿಂದಿರುವ ಮಿದುಳಿನ ಭಾಗ. ಅದು ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ಹಾಗಾಗಿ ಹನ್ನೊಂದರ ಹುಡುಗನಿಗೆ ಸೋಮಾರಿ ಎಂಬ ಹಣೆಪಟ್ಟಿ ಬೇಡ. ನಿದ್ದೆಗೆಟ್ಟಾಗ, ಬೈಗುಳಕ್ಕೆ ಹೆದರಿದಾಗ ದೊಡ್ಡವರಿಗೂ ಈ ಸಾಮರ್ಥ್ಯ ಕೈಕೊಡುತ್ತದೆ.

ಆ್ಯಪಿಗೆ ದುಡ್ಡು ಸುರಿಯಬೇಡಿ. ಅಂಥ ಆಟ ಆಡಿದವರು ಅದೇ ಆಟದಲ್ಲಿ ಜಾಣರಾಗುತ್ತಾರೆ. ಆ ಜಾಣತನ ಶಾಲೆಯ ಚೀಲದ ತನಕ ಬರುವುದು ಅಪರೂಪ. ಅದಕ್ಕಿಂತ ಅಂಗಳದಲ್ಲಿ ಗೆರೆ ಎಳೆದು ಕೆರೆ–ದಡ ಆಡಿಸಿ. ದಡದಲ್ಲಿ ನಿಂತವನಿಗೆ ಮತ್ತೆ ‘ದಡ’ ಎಂದು ಕೂಗಿದಾಗ ನೆಗೆಯಲು ಹೊರಟ ಕಾಲನ್ನು ಹಿಡಿದು ನಿಲ್ಲಿಸುವುದಿದೆಯಲ್ಲ, ಅದು ಸುಲಭವಲ್ಲ. ಆಟ ಕೈವಶವಾದ ಮೇಲೆ ‘ಕೆರೆ ಎಂದರೆ ದಡ’ ಎಂದು ನಿಯಮವನ್ನೇ ತಿರುಗಿಸಿ. ಇದರಿಂದ ಗಣಿತ ಬಂದುಬಿಡುತ್ತದೆ ಎಂದು ಹೇಳಲಾರೆ, ನಗುವಂತೂ ಬರುತ್ತದೆ.

ಚೀಲಕ್ಕೆ ಬೇರೆ ಉಪಾಯ. ಬೆಳಿಗ್ಗೆ ಒಯ್ಯಬೇಕಾದವುಗಳ ಪಟ್ಟಿಯನ್ನು ಅವನ ಕೈಯಿಂದಲೇ ಬರೆಸಿ ಬಾಗಿಲಿಗೆ ಅಂಟಿಸಿ. ಅಡುಗೆಮನೆಯಿಂದ ‘ಡಬ್ಬಿ, ಪುಸ್ತಕ, ನೀರು’ ಎಂದು ಕೂಗಬೇಡಿ, ಕೂಗಿದರೆ ನೆನಪಿಡುವ ಕೆಲಸ ನಿಮ್ಮದೇ ಆಗುತ್ತದೆ. ‘ಇನ್ನೇನು ಉಳಿಯಿತು?’ ಎಂದಷ್ಟೇ ಕೇಳಿ. ಕೆಲವು ವಾರಗಳ ಮೇಲೆ ಅದನ್ನೂ ಕಡಿಮೆ ಮಾಡಿ.

ಮನೆ, ಶಾಲೆ ಎರಡೂ ಕಡೆ ಆರು ತಿಂಗಳಿಗೂ ಮೀರಿ ಇದೇ ಪಾಡಾಗಿ ಓದಿಗೂ ಸ್ನೇಹಕ್ಕೂ ತೊಡಕಾಗಿದ್ದರೆ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ.

ಮುಂದಿನ ಬೆಳೆಗೆ ಸೊಪ್ಪಿನ ಲೆಕ್ಕವನ್ನು ಅವನಿಗೇ ಒಪ್ಪಿಸಿ. ಮೊದಮೊದಲು ತಪ್ಪು ಬರೆದಾನು, ಬರೆಯಲಿ. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ನೀವೂ ಒಮ್ಮೆ ಕಣ್ಣಾಡಿಸಿ. ಆಗಿನ ಹುಳುಗಳ ಹಸಿವು ನಿಮಗೆ ಗೊತ್ತೇ ಇದೆ.