ಕಲೆಕ್ಟರನ ಕೆನ್ನೆಗೆ ಬಾರಿಸದ ನಾಯಕಿ

ಮಾನ್ಯರೇ,

ನಮಸ್ಕಾರ. ಕಳೆದ ತಿಂಗಳು ಮುಗಿದ ನಮ್ಮ ಧಾರಾವಾಹಿಯ ಬಗ್ಗೆ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ಪುಟವನ್ನೂ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ತಿರುಳನ್ನಷ್ಟೇ ಕೊಡುತ್ತೇನೆ. ಬ್ರಿಟಿಷರ ಕಾಲದ ಕಥೆಯೆಂದು ನಾವು ಪ್ರಕಟಿಸಿದೆವು, ಆದರೆ ಅದರ ನಾಯಕಿಯಾದ ವಿಧವೆ ಒಮ್ಮೆಯೂ ಸರಕಾರದ ಎದುರು ಬಾಯಿ ತೆರೆಯುವುದಿಲ್ಲ. 14 ಕಂತುಗಳ ಉದ್ದಕ್ಕೂ ಸಹಿಸಿಕೊಂಡೇ ಇರುತ್ತಾಳೆ. ಸಹನೆಗೆ ‘ಅಂತಃಶಕ್ತಿ’ ಎಂಬ ಬಿರುದು ಕೊಟ್ಟು ಹೆಣ್ಣನ್ನು ಇದ್ದಲ್ಲೇ ಕೂರಿಸುವುದು ಹಳೆಯ ಹೂಟ ಎಂದಿದ್ದೀರಿ.

ಕೊನೆಯ ಮಾತನ್ನು ಒಪ್ಪುತ್ತೇನೆ. ಗತಿಯಿಲ್ಲದೆ ಸಹಿಸಿದ್ದನ್ನೆಲ್ಲ ಹಾಡಿ ಹೊಗಳುವ ಕಥೆಗಳು ನಮ್ಮಲ್ಲಿ ಗಾಡಿಗಟ್ಟಲೆ ಬಂದಿವೆ. ಆದರೆ ಆಕೆ ಸರಕಾರದ ಎದುರು ನಿಲ್ಲಲೇಬೇಕಿತ್ತು ಎನ್ನುತ್ತೀರಲ್ಲ, ಅದನ್ನು ಒಪ್ಪಲಾರೆ. ಹಾಗೆ ನಿಲ್ಲುವ ನಾಯಕಿಯರು ನಮ್ಮ ಕಚೇರಿಗೆ ತಿಂಗಳಿಗೆ ಇಬ್ಬರಾದರೂ ಅಂಚೆಯಲ್ಲಿ ಬರುತ್ತಾರೆ. ಕಲೆಕ್ಟರನ ಕೆನ್ನೆಗೆ ಬಾರಿಸಿ, ಒಂದು ಪುಟ ಭಾಷಣ ಮಾಡುತ್ತಾರೆ. ಭಾಷಣದ ಕನ್ನಡ ಮೊನ್ನೆಮೊನ್ನೆಯ ವಿಚಾರಸಂಕಿರಣದ್ದು. ಆ ದಿನ ಬೆಳಗ್ಗೆ ಅವಳು ಎಷ್ಟು ಕೊಡ ನೀರು ಸೇದಿದ್ದಳು, ಅಂಥ ಹಳ್ಳಿಗೆ ಕಲೆಕ್ಟರ್ ಯಾಕೆ ಬಂದ ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ.

ಹಳ್ಳಿಯ ಹೆಂಗಸಿನ ಕಣ್ಣಿಗೆ ದೊರೆ ಬಿದ್ದದ್ದು ಅಪರೂಪ. ಸರಕಾರ ಅವಳ ಹೊಸಿಲಿಗೆ ಬಂದದ್ದು ಶಾನುಭೋಗರ ಕಡತವಾಗಿ, ಕಂದಾಯದ ಕಂತಿಗೆ ಅಡವು ಹೋದ ಬಳೆಯಾಗಿ, ಕೋರ್ಟಿನ ಅಮೀನನಾಗಿ. ಕೆಲವೊಮ್ಮೆ ಉಪಕಾರದ ವೇಷದಲ್ಲಿಯೂ ಬಂತು. 1856ರ ಕಾಯಿದೆ ಹಿಂದೂ ವಿಧವೆಯ ಮರುಮದುವೆಗೆ ಮಾನ್ಯತೆ ಕೊಟ್ಟಿತು. ಆದರೆ ಮರುಮದುವೆಯಾದವಳಿಗೆ ಸತ್ತ ಗಂಡನ ಆಸ್ತಿಯ ಮೇಲಿದ್ದ ಹಕ್ಕು ತಪ್ಪುತ್ತದೆ ಎಂದು ಅದೇ ಕಾಯಿದೆಯ ಎರಡನೆಯ ಕಲಮು ಹೇಳಿತು. ನಮ್ಮ ಧಾರಾವಾಹಿಯ ಏಳನೆಯ ಕಂತನ್ನು ದಯವಿಟ್ಟು ಇನ್ನೊಮ್ಮೆ ತೆಗೆದು ನೋಡಿ. ಅಣ್ಣ ಗಂಡು ಗೊತ್ತುಮಾಡಿಕೊಂಡು ಬಂದಿದ್ದಾನೆ. ಆಕೆ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬುಡ್ಡಿದೀಪ ಹತ್ತಿರ ಎಳೆದುಕೊಂಡು, ಅಕ್ಕಿ ಡಬ್ಬಿಯ ತಳದಿಂದ ಗೇಣಿ ಚೀಟಿಗಳನ್ನು ತೆಗೆದು, ಮಡಿಕೆ ಬಿಡಿಸಿ ಒಂದರ ಮೇಲೊಂದು ಇಡುತ್ತಾಳೆ. ಬೆಳಗ್ಗೆ “ಬೇಡ” ಎನ್ನುತ್ತಾಳೆ. ಕಾರಣ ಹೇಳುವುದಿಲ್ಲ. ನೀವಿದನ್ನು ಸಹನೆಯ ಖಾತೆಗೆ ಹಾಕಿದ್ದೀರಿ. ನಾನಂತೂ ಓದುವಾಗ ಆ ಚೀಟಿಗಳನ್ನು ಅವಳ ಜೊತೆಗೇ ಎಣಿಸುತ್ತಿದ್ದೆ.

ಇನ್ನು, ಆ ಕಾಲದ ಕಾದಂಬರಿಗಳಲ್ಲಿ ಸರಕಾರವೇ ಶತ್ರುವಾಗಿರಬೇಕು ಎಂದೇನೂ ಇಲ್ಲ. 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯ ಬಾಲವಿಧವೆ ತವರಿನ ಬಂಧನ ತೊರೆದು, ಓದಿ, ಕೊನೆಗೆ ಕೈ ಹಿಡಿಯುವುದು ವಿಲಾಯಿತಿಗೆ ಹೋಗಿ ಸರಕಾರಿ ಅಧಿಕಾರಿಯಾಗಿ ಮರಳಿದ ಭಾಸ್ಕರನನ್ನು! ಕೆನ್ನೆಗೆ ಬಾರಿಸುವ ನಮ್ಮ ನಾಯಕಿಯರು ಇದಕ್ಕೆ ಏನೆನ್ನುತ್ತಾರೋ.

ಸಹನೆಯ ಬಗ್ಗೆ ನೀವು ಎತ್ತಿದ ಆಕ್ಷೇಪಕ್ಕೆ ಉತ್ತರ ಹುಡುಕಲು ನಾನು ಎಂ. ಕೆ. ಇಂದಿರಾ ಅವರ ಕಾದಂಬರಿ ‘ಫಣಿಯಮ್ಮ’ನ ಬಳಿಗೆ ಹೋಗುತ್ತೇನೆ. ಲೇಖಕಿಯ ಮನೆತನದಲ್ಲೇ 112 ವರ್ಷ ಬಾಳಿ 1952ರಲ್ಲಿ ತೀರಿಕೊಂಡ ಹಿರಿಯ ಜೀವದ ಕಥೆ ಅದು. ಫಣಿಯಮ್ಮ ಬಾಲ್ಯದಲ್ಲೇ ವಿಧವೆಯಾದವಳು, ತಲೆ ಬೋಳಿಸಿಕೊಂಡವಳು, ಜೀವಮಾನವೆಲ್ಲ ಮಡಿಯಲ್ಲಿ ಕಳೆದವಳು. ಅಲ್ಲಿಗೇ ನಿಂತಿದ್ದರೆ ನಿಮ್ಮ ಆಕ್ಷೇಪ ಅವಳಿಗೂ ತಗಲುತ್ತಿತ್ತು. ಆದರೆ ಹೆರಿಗೆಯಾಗದೆ ಒದ್ದಾಡುತ್ತಿದ್ದ ದಲಿತ ಹೆಣ್ಣಿನ ನೆರವಿಗೆ ಕರೆ ಬಂದಾಗ ಮಡಿಯನ್ನು ಬದಿಗಿಟ್ಟು ತನ್ನ ಪುಟ್ಟ ಕೈಯಿಂದ ಮಗುವನ್ನು ಹೊರತೆಗೆಯುತ್ತಾಳೆ. ಹರೆಯದ ವಿಧವೆ ದಾಕ್ಷಾಯಿಣಿ ಕ್ಷೌರಿಕನ ಕತ್ತಿಗೆ ತಲೆ ಕೊಡಲೊಲ್ಲೆ ಎಂದಾಗ ಅವಳ ಪರ ನಿಲ್ಲುತ್ತಾಳೆ. ತಾನು ಸಹಿಸಿದ್ದನ್ನು ಇನ್ನೊಬ್ಬಳು ಸಹಿಸಬೇಕಾಗಿಲ್ಲ ಎನ್ನಲು ಎಂಥ ಎದೆ ಬೇಕು ನೋಡಿ. “ನಾವು ಪಡಲಿಲ್ಲವೇ?” ಎನ್ನುವ ಅತ್ತೆಯಂದಿರನ್ನು ಕಂಡವರಿಗೆ ಗೊತ್ತು.

ನಂಜನಗೂಡು ತಿರುಮಲಾಂಬಾ ಅವರನ್ನೂ ನೆನೆಯಬೇಕು. ಎಳವೆಯಲ್ಲೇ ವಿಧವೆಯಾದ ಅವರು 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಕಟ್ಟಿ, ತಾವೇ ಬರೆದು ತಾವೇ ಪ್ರಕಟಿಸಿದರು. ಅವರ ನಾಯಕಿಯರು ಪತಿವ್ರತೆಯರು, ತಾಳ್ಮೆಯ ಗಣಿಗಳು. ನಿಮಗೆ ಖಂಡಿತ ಸಿಟ್ಟು ಬರುತ್ತದೆ. ಅವರನ್ನು ಸೃಷ್ಟಿಸಿದಾಕೆಯೋ ಕಾಗದ, ಅಚ್ಚು, ಅಂಚೆಗಳ ವ್ಯವಹಾರ ನಡೆಸುತ್ತಿದ್ದರು. ಪತ್ರಿಕೆ ನಡೆಸುವವನಾಗಿ ನನಗೆ ಆ ಕಷ್ಟ ತಿಳಿಯುತ್ತದೆ. ಲೇಖಕಿಯ ಗಟ್ಟಿತನ ಅವರ ಪಾತ್ರಗಳಿಗೆ ಯಾಕೆ ದಾಟಲಿಲ್ಲ ಎಂಬುದನ್ನು ನೀವೇ ಒಂದು ಲೇಖನವಾಗಿ ಬರೆದುಕೊಡಬಾರದೇಕೆ?

ಒಂಬತ್ತನೆಯ ಕಂತಿನಲ್ಲಿ ಅಳು ಅತಿಯಾಯಿತು ಎಂದು ನೀವು ಬರೆದದ್ದಕ್ಕೆ ಮಾತ್ರ ನನ್ನಲ್ಲಿ ಜವಾಬಿಲ್ಲ. ಲೇಖಕಿ ಅದನ್ನು ಅರ್ಧಕ್ಕಿಳಿಸಲು ಸಿದ್ಧರಿದ್ದರು. ಕಲಾವಿದರು ಆಗಲೇ ಕಣ್ಣೀರಿನ ಚಿತ್ರ ಬರೆದುಕೊಟ್ಟಿದ್ದರು, ಚೆನ್ನಾಗಿಯೂ ಇತ್ತು. ಹಾಗೆಯೇ ಇರಲಿ ಎಂದವನು ನಾನು.

— ಸಂಪಾದಕ