‘ಎಣ್ಣಿ ಹೊಡೆದು ಬಂದಿದ್ದ’ ಅಂದಿದ್ದಕ್ಕೆ ಕ್ಲೇಮ್ ಹೋಯ್ತು: ಮಾನ್ವಿಯ ಅಣ್ಣನ ಪ್ರಶ್ನೆಗೆ ಉತ್ತರ

ಅಣ್ಣ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನೇ ಓದಿದೆ. ಎರಡು ಮಾತಲ್ಲಿ ಮುಗಿಯೋದಲ್ಲ ಅಂತ ಬೆಳಿಗ್ಗೆ ಕೂತು ಬರೆಯುತ್ತಿದ್ದೇನೆ. ಈಗ ಓದುತ್ತಿರುವವರಿಗೆ ವಿಷಯ ಇಷ್ಟು: ಅಣ್ಣನ ತಮ್ಮ ಭತ್ತಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆದು ಮನೆಗೆ ಬಂದರು. ಬಾಯಲ್ಲಿ ಜೊಲ್ಲು ಸುರಿಯಿತು, ಫಿಟ್ಸ್ ಬಂದು ಬಿದ್ದರು. ಖಾಸಗಿ ಆಸ್ಪತ್ರೆಯಲ್ಲಿ ಆರು ದಿನ ಇದ್ದು ಹುಷಾರಾದರು. ಆದರೆ ವಿಮೆ ಕಂಪನಿ ‘ಮದ್ಯ ಸೇವನೆಯಿಂದ ಆದ ತೊಂದರೆ’ ಅಂತ ಕ್ಲೇಮ್ ತಿರಸ್ಕರಿಸಿದೆ. ಆ ಹುಡುಗ ಕುಡಿಯೋದೇ ಇಲ್ಲ. ಇಷ್ಟಕ್ಕೇ ಬಿಟ್ಟುಬಿಡೋದಾ ಅಂತ ಅಣ್ಣ ಕೇಳಿದ್ದಾರೆ.

ಬಿಡಬೇಡಿ. ಸಿರುಗುಪ್ಪದ ಹತ್ತಿರ ನಮ್ಮ ಮನೆಯ ಗದ್ದೆ ಇದೆ ಅಂತ ನಾನು ಈ ರೈತರ ಗುಂಪಿನಲ್ಲಿದ್ದೇನೆ. ಹೊಟ್ಟೆಪಾಡಿಗೆ ಮಾಡೋದು ಬಳ್ಳಾರಿಯಲ್ಲಿ ಆಸ್ಪತ್ರೆ ಬಿಲ್ಲಿಂಗ್ ಮತ್ತು ಕೋಡಿಂಗ್ ಕೆಲಸ. ಡಾಕ್ಟರ್ ಬರೆದ ರೋಗದ ಹೆಸರಿಗೆ ಐಸಿಡಿ-10 ಅನ್ನೋ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಿಂದ ಒಂದು ಸಂಖ್ಯೆ ಹಾಕೋದೇ ಕೋಡಿಂಗ್. ವಿಮೆಯವರು ಫೈಲ್ ತೆರೆದಾಗ ಮೊದಲು ನೋಡೋದು ಆ ಸಂಖ್ಯೆಯನ್ನ.

ನೀವು ಹಾಕಿದ ವಿಮೆ ಕಂಪನಿಯ ಪತ್ರದ ಫೋಟೋದಲ್ಲಿ ಎಫ್ 10 ಅಂತ ಇದೆ. ಅದು ಮದ್ಯದಿಂದ ಬರುವ ತೊಂದರೆಗಳ ಕೋಡ್. ಇದು ಎಲ್ಲಿಂದ ಬಂತು ಅಂತ ನನಗೆ ಅಂದಾಜಿದೆ. ಇಂಥದ್ದೇ ಒಂದು ಫೈಲ್ ಮೂರು ವರ್ಷದ ಹಿಂದೆ ನನ್ನ ಮೇಜಿಗೆ ಬಂದಿತ್ತು. ಮೊದಲ ಪುಟದಲ್ಲಿ ‘ಮದ್ಯ ಸೇವಿಸಿದ ನಂತರ ಫಿಟ್ಸ್’ ಅಂತ ಬರೆದಿತ್ತು. ನಾಲ್ಕನೇ ಪುಟದ ನರ್ಸ್ ಚಾರ್ಟಿನಲ್ಲಿ ಹತ್ತತ್ತು ನಿಮಿಷಕ್ಕೆ ಅಟ್ರೋಪಿನ್ ಇಂಜೆಕ್ಷನ್. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣಗಾಗಿದೆ ಅಂತಲೂ ಇತ್ತು. ಕುಡಿದು ಬಂದವರಿಗೆ ಹೀಗೆ ಅಟ್ರೋಪಿನ್ ಹಾಕೋದಿಲ್ಲ, ಕ್ರಿಮಿನಾಶಕದ ವಿಷಕ್ಕೆ ಹಾಕುತ್ತಾರೆ. ರೋಗಿಯ ಅವ್ವನಿಗೆ ಫೋನ್ ಮಾಡಿ ಕೇಳಿದೆ. ‘ಎಣ್ಣಿ ಹೊಡೆದು ಬಂದಿದ್ದ ಅಂತ ಹೇಳಿದೆನಪ್ಪ’ ಅಂದರು. ಬರೆದುಕೊಂಡ ಕಿರಿಯ ಡಾಕ್ಟರ್ ಬೆಂಗಳೂರು ಕಡೆಯವರು. ಅಲ್ಲಿ ಎಣ್ಣೆ ಹೊಡೆಯೋದು ಅಂದರೆ ಕುಡಿಯೋದು. ನಮ್ಮ ಕಡೆ ಅದು ಬೆಳೆಗೆ ಔಷಧಿ ಸಿಂಪಡಿಸೋದು. ಒಂದು ಮಾತಿನ ಅರ್ಥ ಬದಲಾಗಿ ಆ ಮನೆಯವರಿಗೆ ಬರಬೇಕಾದ ದುಡ್ಡೇ ಹೋಗೋದರಲ್ಲಿತ್ತು. ಮದ್ಯದ ಚಟ ಮತ್ತು ಅದರಿಂದ ಆದ ತೊಂದರೆಗೆ ಆರೋಗ್ಯ ವಿಮೆಯಲ್ಲಿ ಹಣ ಸಿಗೋದಿಲ್ಲ ಅನ್ನೋ ಷರತ್ತು ಇರುತ್ತೆ ನೋಡಿ.

ನಿಮ್ಮ ತಮ್ಮನದೂ ಹೀಗೇ ಆಗಿರಬಹುದು. ಔಷಧಿ ಆರ್ಗನೋಫಾಸ್ಫೇಟ್ ಗುಂಪಿನದಾದರೆ, ಅಂದರೆ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಮೊನೊಕ್ರೊಟೊಫಾಸ್ ಥರದ್ದು, ಬರಬೇಕಾದ ಕೋಡ್ ಟಿ 60.0. ಆಕಸ್ಮಿಕವಾಗಿ ಆದದ್ದು ಅನ್ನೋದಕ್ಕೆ ಜೊತೆಗೆ ಎಕ್ಸ್ 48. ಫಿಟ್ಸ್‌ಗೆ ಆರ್ 56.8. ಬೇರೆ ಜಾತಿಯ ಕೀಟನಾಶಕವಾದರೆ ಟಿ 60ರಲ್ಲೇ ಬೇರೆ ಸಂಖ್ಯೆ. ಅದಕ್ಕೇ ಖಾಲಿ ಬಾಟಲಿ ಎಸೆಯಬೇಡಿ. ಲೇಬಲ್ಲಿನ ಹೆಸರು, ವಿಷ ಎಷ್ಟು ಜೋರು ಅಂತ ತೋರಿಸುವ ತ್ರಿಕೋನದ ಬಣ್ಣ ಕಾಣೋ ಹಾಗೆ ಫೋಟೋ ತೆಗೆದಿಡಿ.

ಇನ್ನೊಂದು ವಿಷಯ ದಯವಿಟ್ಟು ಗಮನಿಸಿ. ಯಾರಾದರೂ ಸುಮ್ನೆ ‘ಎಪಿಲೆಪ್ಸಿ’ ಅಂತ ಬರೆದು ಜಿ 40 ಹಾಕಿದ್ದಾರಾ ನೋಡಿ. ವಿಷದಿಂದ ಒಂದು ಸಲ ಫಿಟ್ಸ್ ಬಂದ ಮಾತ್ರಕ್ಕೆ ಅದು ಮೂರ್ಛೆ ರೋಗ ಅಲ್ಲ. ಆ ಕೋಡ್ ದಾಖಲೆಯಲ್ಲಿ ಉಳಿದರೆ ಮುಂದೆ ಪಾಲಿಸಿ ತಗೊಳ್ಳುವಾಗ ಮೊದಲೇ ಇದ್ದ ಕಾಯಿಲೆ ಅಂತಾರೆ. ಡ್ರೈವಿಂಗ್ ಲೈಸೆನ್ಸ್‌ನ ಫಾರ್ಮ್ 1ರಲ್ಲೂ ಮೂರ್ಛೆ ರೋಗ ಇದೆಯಾ ಅನ್ನೋ ಪ್ರಶ್ನೆ ಇದೆ. ಟ್ರ್ಯಾಕ್ಟರ್ ಓಡಿಸುವ ಹುಡುಗ ಅಲ್ವಾ, ಇದು ಜಾಸ್ತಿ ಕಾಡುತ್ತೆ.

ಈಗ ಮಾಡಬೇಕಾದ್ದು. ಆಸ್ಪತ್ರೆಗೆ ಒಂದು ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟಿನ, ಅಂದರೆ ಸೇರಿದಾಗಿನಿಂದ ಬರೆದ ಎಲ್ಲ ಪುಟಗಳ, ನಕಲು ಕೇಳಿ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ 2002ರ ನಿಯಮದಲ್ಲೇ ಇದೆ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಆಮೇಲೆ ತುರ್ತು ವಿಭಾಗದ ಮೊದಲ ಪುಟ, ನರ್ಸ್ ಚಾರ್ಟ್, ರಕ್ತದ ಕೋಲಿನೆಸ್ಟರೇಸ್ ರಿಪೋರ್ಟ್ (ಈ ವಿಷ ತಾಗಿದರೆ ಇದು ಕಡಿಮೆ ಆಗುತ್ತೆ), ಮೆಡಿಕಲ್ ಬಿಲ್ ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಬಿಲ್ಲಿನಲ್ಲಿ ಅಟ್ರೋಪಿನ್, ಪ್ರಾಲಿಡಾಕ್ಸಿಮ್ ಅನ್ನೋ ಈ ವಿಷದ ಮದ್ದುಗಳು ಇದ್ದರೆ ಅದೇ ದೊಡ್ಡ ಸಾಕ್ಷಿ. ರಕ್ತದಲ್ಲಿ ಮದ್ಯದ ಪರೀಕ್ಷೆ ಮಾಡಿಲ್ಲದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಕೋಡ್ ಬದಲಿಸಿ ಅಂತ ಬಿಲ್ಲಿಂಗ್ ಕೌಂಟರಿನಲ್ಲಿ ಜಗಳ ಮಾಡಬೇಡಿ. ಡಾಕ್ಟರ್ ಬರೆಯದ್ದನ್ನು ನಾವು ಹಾಕುವ ಹಾಗಿಲ್ಲ. ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ಭೇಟಿಯಾಗಿ, ನಡೆದದ್ದನ್ನು ಹೇಳಿ, ಲೆಟರ್‌ಹೆಡ್‌ನಲ್ಲಿ ಸ್ಪಷ್ಟೀಕರಣ ಕೇಳಿ. ಅದರಲ್ಲಿ ಐಪಿ ನಂಬರ್ (ಒಳರೋಗಿಯ ಸಂಖ್ಯೆ), ಯಾವ ಔಷಧಿ, ಸಿಂಪಡಿಸುವಾಗ ಮೈಗೆ ತಾಗಿದ್ದು, ಮದ್ಯದ ಮಾತು ಹೇಗೆ ಬಂತು, ಡಾಕ್ಟರ ನೋಂದಣಿ ಸಂಖ್ಯೆ, ಸಹಿ, ತಾರೀಖು ಇರಲಿ. ಹಳೇ ಕಾಗದದ ಮೇಲೆ ಗೀಚಿ ತಿದ್ದಿಸಬೇಡಿ. ತಿದ್ದಿದ ಕಾಗದ ಕಂಡರೆ ನಿಜವನ್ನೂ ನಂಬೋದಿಲ್ಲ. ವಿಷದ ಕೇಸ್ ಆದ್ದರಿಂದ ಪೊಲೀಸರಿಗೆ ಮಾಹಿತಿ ಹೋಗಿರಬಹುದು. ಹೋಗಿದ್ದರೆ ಅಲ್ಲಿ ಕೊಟ್ಟ ಹೇಳಿಕೆಗೂ ಈ ಪತ್ರಕ್ಕೂ ತಾಳೆ ಆಗಬೇಕು.

ಇವೆಲ್ಲ ಸೇರಿಸಿ ವಿಮೆ ಕಂಪನಿಯ ದೂರು ವಿಭಾಗಕ್ಕೆ ಕೊಡಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಮತ್ತೆ ಇಲ್ಲ ಅಂದರೆ ವಿಮೆ ದೂರುಗಳನ್ನು ಕೇಳಿ ತೀರ್ಮಾನ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಒಂದು ವರ್ಷದೊಳಗೆ ಹೋಗಬೇಕು. ಶುಲ್ಕ ಇಲ್ಲ, ವಕೀಲರೂ ಬೇಡ.

ಕೆಳಗೆ ಗಂಗಾವತಿಯ ಅಕ್ಕ ಒಬ್ಬರು, ಅಮ್ಮನಿಗೆ ಲಕ್ವಾ ಹೊಡೆದರೆ ಮೆದುಳಿನ ಕೋಡ್ ಬಿಟ್ಟು ಹೃದಯದ ಕೋಡ್ ಹಾಕಿದ್ದಾರೆ ಅಂತ ಕೇಳಿದ್ದೀರಿ. ಅಕ್ಕ, ಅದು ತಪ್ಪಲ್ಲ. ಐಸಿಡಿ-10ರಲ್ಲಿ ನರಮಂಡಲದ ಕಾಯಿಲೆಗಳು ಜಿ ಅಕ್ಷರದಲ್ಲಿವೆ. ಆದರೆ ಲಕ್ವಾ ರಕ್ತನಾಳದ ತೊಂದರೆಯಿಂದ ಬರೋದರಿಂದ ಹೃದಯ, ರಕ್ತನಾಳದ ಕಾಯಿಲೆಗಳ ಐ ಅಕ್ಷರದಲ್ಲಿ, ಐ 60ರಿಂದ 69ರಲ್ಲಿದೆ. ಐ 63 ಅಂದರೆ ಮೆದುಳಿಗೆ ರಕ್ತ ಹೋಗೋದು ನಿಂತದ್ದು, ಐ 61 ಅಂದರೆ ಒಳಗೆ ರಕ್ತ ಸೋರಿದ್ದು. 2022ರಲ್ಲಿ ಜಾರಿಗೆ ಬಂದ ಐಸಿಡಿ-11ರಲ್ಲಿ ಮಾತ್ರ ಅದನ್ನು ನರಮಂಡಲದ ಅಧ್ಯಾಯಕ್ಕೆ ತಂದಿದ್ದಾರೆ. ನಿಮ್ಮದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಆದರೆ ಹಣ ಹೋಗೋದು ಪ್ಯಾಕೇಜ್ ಕೋಡಿನ, ಅಂದರೆ ಒಂದೊಂದು ಚಿಕಿತ್ಸೆಗೆ ಗೊತ್ತು ಮಾಡಿದ ಸಂಖ್ಯೆಯ, ಮೇಲೆ, ಅದೇ ಬೇರೆ ಪಟ್ಟಿ.

ಅಣ್ಣ, ಕಡೆಗೆ ತಮ್ಮನ ಆರೋಗ್ಯದ ಮಾತು. ಈ ಜಾತಿಯ ವಿಷದಲ್ಲಿ ಹುಷಾರಾದ ಎರಡು ಮೂರು ವಾರದ ಮೇಲೂ ಕೆಲವರಿಗೆ ಕಾಲು ಜೋಮು ಹಿಡಿಯೋದು, ನಡಿಗೆಯಲ್ಲಿ ಬಲ ಕಡಿಮೆ ಆಗೋದು ಉಂಟು. ಹಾಗೆ ಕಂಡರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಡಾಕ್ಟರ್ ಹೇಳೋವರೆಗೂ ಅವರ ಕೈಗೆ ಔಷಧಿ ಹೊಡೆಯುವ ಪಂಪ್ ಕೊಡಬೇಡಿ. ಕೇಸ್ ಶೀಟ್ ಸಿಕ್ಕ ಮೇಲೆ ಗುಂಪಿನಲ್ಲಿ ಹಾಕದೆ ನನಗೊಬ್ಬನಿಗೇ ಕಳಿಸಿ. ಭಾನುವಾರ ಫೋನಿನಲ್ಲಿ ಕೂತು ಪತ್ರ ಬರೆಯೋಣ.